ಟರ್ಬೊ ಕಾರಿನ ನೀರು–ಮೆಥನಾಲ್ ಕಿಟ್: ಫೇಲ್‌ಸೇಫ್ ಪದೇ ಪದೇ ಟ್ರಿಪ್ ಆದ್ರೆ ತಪ್ಪು ಎಲ್ಲಿದೆ?

ಬೋರ್‌ವೆಲ್ ಇರೋ ತೋಟದವರಿಗೆ ಡ್ರೈ ರನ್ ಪ್ಯಾನೆಲ್ ಅಂದ್ರೆ ಏನು ಅಂತ ಹೇಳಬೇಕಿಲ್ಲ. ನೀರಿಲ್ಲದೆ ಪಂಪು ಬರಿದೇ ತಿರುಗಿದಾಗ ಮೋಟಾರ್ ಎಳೆಯುವ ಕರೆಂಟು ಇಳಿಯುತ್ತೆ, ಪ್ಯಾನೆಲ್ ಅದನ್ನು ನೋಡಿ ಆಫ್ ಮಾಡುತ್ತೆ. ಟೈಮರ್ ಸೆಟ್ಟಿಂಗ್ ಸರಿ ಇಲ್ಲದಿದ್ದರೆ ನೀರಿದ್ದಾಗಲೂ ಟ್ರಿಪ್. ಎರಡು ಸಲ ಎದ್ದು ಹೋಗಿ ಸ್ಟಾರ್ಟ್ ಮಾಡಿ ಬಂದವರು ಮೂರನೇ ಸಲಕ್ಕೆ ಬೈಪಾಸ್ ಮಾಡಿಸಿಬಿಡ್ತಾರೆ. ಆಮೇಲೆ ನಿಜವಾಗಿ ನೀರು ಬತ್ತಿದ ದಿನ ಕಾಯಿಲ್ ಸುಟ್ಟು ಮೋಟಾರ್ ರೀವೈಂಡಿಂಗ್ ಅಂಗಡಿ ಸೇರುತ್ತೆ.

ಟರ್ಬೊ ಪೆಟ್ರೋಲ್ ಕಾರುಗಳಿಗೆ ಹಾಕಿಸುವ ನೀರು–ಮೆಥನಾಲ್ ಕಿಟ್‌ನಲ್ಲೂ ಇದೇ ಕಥೆ. ವ್ಯತ್ಯಾಸ ಒಂದೇ, ಇಲ್ಲಿ ಹೋಗೋದು ಪಿಸ್ಟನ್.

ಇದರ ಕೆಲಸ ಏನು?

ಟರ್ಬೊ ಗಾಳಿಯನ್ನು ಒತ್ತಿ ಎಂಜಿನ್‌ಗೆ ತುಂಬುತ್ತೆ. ಒತ್ತಿದ ಗಾಳಿ ಬಿಸಿಯಾಗುತ್ತೆ. ಬಿಸಿ ಮಿತಿ ಮೀರಿದರೆ ಸ್ಪಾರ್ಕ್ ಪ್ಲಗ್‌ನ ಬೆಂಕಿ ಮುಟ್ಟುವ ಮೊದಲೇ ಪೆಟ್ರೋಲ್ ಮಿಶ್ರಣ ಅಲ್ಲಲ್ಲಿ ತಾನಾಗೇ ಸಿಡಿಯುತ್ತೆ. ಮೆಕ್ಯಾನಿಕ್‌ಗಳು ನಾಕಿಂಗ್ ಅನ್ನೋದು ಇದನ್ನೇ. ಗಾಳಿಯ ದಾರಿಯಲ್ಲಿ ನೀರು–ಮೆಥನಾಲ್ ಮಂಜಿನಂತೆ ಸಿಂಪಡಿಸಿದರೆ ಅದು ಆವಿಯಾಗುತ್ತಾ ಶಾಖ ಹೀರಿಕೊಳ್ಳುತ್ತೆ. ಒಂದು ಕಿಲೋ ನೀರು ಆವಿಯಾಗಲು ಸುಮಾರು 2,260 ಕಿಲೋಜೂಲ್ ಶಾಖ ಬೇಕು, ಮೆಥನಾಲ್‌ಗೆ ಸುಮಾರು 1,100. ಪೆಟ್ರೋಲ್‌ಗೆ ಇದರ ಎಷ್ಟೋ ಪಾಲು ಕಡಿಮೆ. ಮೆಥನಾಲ್ ತಾನೂ ಇಂಧನ, ನಾಕಿಂಗ್ ತಡೆಯುವ ಗುಣವೂ ಇದೆ.

ಈ ತಂಪನ್ನು ನಂಬಿಯೇ ಟ್ಯೂನರ್ ಬೂಸ್ಟ್ ಏರಿಸಿರ್ತಾನೆ, ಇಗ್ನಿಷನ್ ಮುಂದಕ್ಕೆ ತಂದಿರ್ತಾನೆ. ಹಾಗಾಗಿ ನೀರು ನಿಂತ ಕ್ಷಣ ಎಂಜಿನ್‌ಗೆ ಬೇರೆ ಆಸರೆ ಇಲ್ಲ. ನೀರು ಹರಿಯುತ್ತಿದೆಯೇ ಅಂತ ನೋಡಿ, ಇಲ್ಲದಿದ್ದರೆ ಬೂಸ್ಟ್ ಇಳಿಸುವುದು ಫೇಲ್‌ಸೇಫ್ ಸೆನ್ಸರ್‌ನ ಕೆಲಸ.

1962ರ ಅಮೆರಿಕನ್ ಪಾಠ

ಇದೇನೂ ಹೊಸ ತಲೆನೋವಲ್ಲ. ಅಮೆರಿಕದ ಜನರಲ್ ಮೋಟಾರ್ಸ್ 1962ರಲ್ಲಿ ಓಲ್ಡ್ಸ್‌ಮೊಬೈಲ್ ಜೆಟ್‌ಫೈರ್ ಅನ್ನೋ ಟರ್ಬೊ ಕಾರು ಬಿಟ್ಟಿತು. 3.5 ಲೀಟರ್ ಅಲ್ಯೂಮಿನಿಯಂ ವಿ8, ಕಂಪ್ರೆಷನ್ 10.25ಕ್ಕೆ 1. ಟರ್ಬೊ ಎಂಜಿನ್‌ಗೆ ಇದು ಆ ಕಾಲಕ್ಕೆ ಬಹಳ ಹೆಚ್ಚು. ಅದಕ್ಕೇ ‘ಟರ್ಬೊ ರಾಕೆಟ್ ಫ್ಲೂಯಿಡ್’ ಎಂಬ ಹೆಸರಿನ ನೀರು–ಮೆಥನಾಲ್ ಮಿಶ್ರಣಕ್ಕೆ ಬೇರೆ ಟ್ಯಾಂಕ್ ಕೊಟ್ಟಿದ್ದರು. ಟ್ಯಾಂಕ್ ಖಾಲಿಯಾದರೆ ಒಳಗಿನ ಇನ್ನೊಂದು ವಾಲ್ವ್ ಬೂಸ್ಟ್ ತಡೆಯುತ್ತಿತ್ತು.

ಬಹಳ ಮಾಲೀಕರು ಆ ಟ್ಯಾಂಕ್ ತುಂಬಿಸುತ್ತಲೇ ಇರಲಿಲ್ಲ. ಗಾಡಿ ಎಳೀತಾ ಇಲ್ಲ ಅಂತ ದೂರು. ಎಂಜಿನ್ ಉಳಿಸಿದ ವ್ಯವಸ್ಥೆಯೇ ಅವರಿಗೆ ತೊಂದರೆಯಾಗಿ ಕಂಡಿತು. 1963ಕ್ಕೆ ಮಾದರಿ ನಿಂತಿತು, ಆಮೇಲೆ ಎಷ್ಟೋ ಕಾರುಗಳಿಂದ ಟರ್ಬೊ ತೆಗೆದು ಸಾಮಾನ್ಯ ಕಾರ್ಬುರೇಟರ್ ಕೂರಿಸಲಾಯಿತು.

ಅರ್ಧ ಸೆಕೆಂಡಿನ ಬೆಲೆ

ಇವತ್ತಿನ ಕಿಟ್‌ನಲ್ಲಿ ಬೂಸ್ಟ್ ಒಂದು ಮಟ್ಟ ದಾಟಿದಾಗ ಕಂಟ್ರೋಲರ್ ಪಂಪ್ ಆನ್ ಮಾಡುತ್ತೆ. ಒಂದಷ್ಟು ಹೊತ್ತು ಕಾದು, ಹರಿವು ಗೊತ್ತುಮಾಡಿದ ಕೆಳಮಿತಿ–ಮೇಲ್ಮಿತಿಯ ನಡುವೆ ಇದೆಯಾ ನೋಡುತ್ತೆ. ಮೇಲ್ಮಿತಿ ಯಾಕೆ ಅಂದ್ರೆ, ಪೈಪು ಕಿತ್ತು ಬಂದರೆ ಹರಿವು ಜಾಸ್ತಿಯೇ ಕಾಣುತ್ತೆ, ನೀರು ಮಾತ್ರ ರಸ್ತೆ ಪಾಲು.

ಆ ‘ಕಾಯುವ ಹೊತ್ತು’ ಎಷ್ಟಿರಬೇಕು ಅನ್ನೋದೇ ಎಲ್ಲ ಜಗಳದ ಮೂಲ. ತುಂಬಾ ಕಡಿಮೆ ಇಟ್ಟರೆ ಸುಮ್ಮಸುಮ್ಮನೆ ಟ್ರಿಪ್. ಜಾಸ್ತಿ ಇಟ್ಟರೆ? ಲೆಕ್ಕ ಹಾಕಿ: 6,000 ಆರ್‌ಪಿಎಂ ಅಂದ್ರೆ ಸೆಕೆಂಡಿಗೆ 100 ಸುತ್ತು. ಎರಡು ಸುತ್ತಿಗೆ ಒಮ್ಮೆಯಂತೆ ಪ್ರತಿ ಸಿಲಿಂಡರ್ ಸೆಕೆಂಡಿಗೆ 50 ಸಲ ಉರಿಯುತ್ತೆ. ಅರ್ಧ ಸೆಕೆಂಡು ಕಾದರೆ ಒಂದೊಂದು ಸಿಲಿಂಡರ್‌ಗೆ ನೀರಿಲ್ಲದ 25 ಸ್ಫೋಟ. ಎರಡು ಸೆಕೆಂಡಿಗೆ ನೂರು. ಟ್ರಿಪ್ ನಿಲ್ಲಲಿ ಅಂತ ಡಿಲೇ ಏರಿಸುತ್ತಾ ಹೋಗುವವರು ಈ ಲೆಕ್ಕ ಮರೀತಾರೆ.

ಟ್ರಿಪ್ ಆಗೋದು ಯಾವಾಗ?

ಸೆನ್ಸರ್ ಬದಲಿಸುವ ಮೊದಲು ಇದನ್ನು ಗಮನಿಸಬೇಕು. ಬಹಳ ಸಲ ಸೆನ್ಸರ್ ಸರಿಯಾಗೇ ಇರುತ್ತೆ, ನೀರೇ ತಡವಾಗಿ ಬರುತ್ತಿರುತ್ತೆ.

ಬೆಳಿಗ್ಗೆ ಮೊದಲ ಸಲ ಜೋರಾಗಿ ಒತ್ತಿದಾಗ ಮಾತ್ರ ಟ್ರಿಪ್, ಆಮೇಲೆ ದಿನವಿಡೀ ಸುಮ್ಮನೆ – ಹೀಗಿದ್ದರೆ ರಾತ್ರಿ ಪೈಪು ಖಾಲಿಯಾಗಿದೆ ಅಂತ ಅರ್ಥ. ನಾಝಲ್ ಹತ್ತಿರದ ಚೆಕ್ ವಾಲ್ವ್ ಸೋರಿದರೆ ನೀರು ಟ್ಯಾಂಕಿಗೆ ಹಿಂದಕ್ಕೆ ಇಳಿಯುತ್ತೆ. ಇಲ್ಲವೇ ಎಂಜಿನ್ ಐಡಲ್‌ನಲ್ಲಿದ್ದಾಗಿನ ಎಳೆತಕ್ಕೆ ಮುಂದಕ್ಕೆ ಹೀರಿಹೋಗುತ್ತೆ. ಒಳಗೆ 4 ಮಿಲಿಮೀಟರ್ ಅಗಲದ ಪೈಪು ಡಿಕ್ಕಿಯಿಂದ ಬಾನೆಟ್‌ವರೆಗೆ 3 ಮೀಟರ್ ಇದ್ದರೆ ಅದು ಹಿಡಿಯೋದು ಸುಮಾರು 38 ಮಿಲಿಲೀಟರ್. ಪಂಪು ನಿಮಿಷಕ್ಕೆ 2 ಲೀಟರ್ ತಳ್ಳಿದರೂ ಅದು ತುಂಬಲು ಒಂದು ಸೆಕೆಂಡಿಗಿಂತ ಹೆಚ್ಚು ಬೇಕು. ಅಷ್ಟರಲ್ಲಿ ಫೇಲ್‌ಸೇಫ್ ತೀರ್ಪು ಕೊಟ್ಟಾಗಿರುತ್ತೆ.

ಘಾಟಿ ತಿರುವಿನಲ್ಲಿ, ಅಥವಾ ಬ್ರೇಕ್ ಹಾಕಿ ಮತ್ತೆ ಎಳೆದಾಗ ಟ್ರಿಪ್ ಆದ್ರೆ ಟ್ಯಾಂಕಿನಲ್ಲಿ ನೀರು ಒಂದು ಕಡೆಗೆ ಸರಿದು ಪಂಪು ಗಾಳಿ ಎಳೆಯುತ್ತಿದೆ. ಗುಳ್ಳೆ ಬಂದಾಗ ಫ್ಯಾನಿನಂಥ ಪುಟ್ಟ ಚಕ್ರ ಇರುವ ಸೆನ್ಸರ್ ತಪ್ಪು ಲೆಕ್ಕ ಕೊಡುತ್ತೆ. ಉದ್ದದ ಏರಿನಲ್ಲಿ ಸ್ವಲ್ಪ ಹೊತ್ತಿನ ಮೇಲೆ ಟ್ರಿಪ್ ಆಗುತ್ತಿದ್ದರೆ ಫಿಲ್ಟರ್, ನಾಝಲ್ ಕಟ್ಟಿರಬಹುದು, ಅಥವಾ ಪಂಪಿನ ವೈರು ತೆಳುವಾಗಿ ವೋಲ್ಟೇಜ್ ಬೀಳುತ್ತಿರಬಹುದು. ಇಲ್ಲಿ ಪ್ರೆಶರ್ ಸ್ವಿಚ್ ಮಾತ್ರ ಇರುವ ಅಗ್ಗದ ಕಿಟ್ ಮೋಸ ಮಾಡುತ್ತೆ: ನಾಝಲ್ ಕಟ್ಟಿದರೆ ಪ್ರೆಶರ್ ಏರುತ್ತೆ, ಎಲ್ಲ ಸರಿ ಇದೆ ಅನ್ನಿಸುತ್ತೆ.

ನಾಝಲ್ ಕಟ್ಟೋಕೆ ನಮ್ಮ ಕಡೆ ಮುಖ್ಯ ಕಾರಣ ಗಡಸು ನೀರು. ಬೋರ್ ನೀರು ಹಾಕಲೇಬಾರದು, ಬ್ಯಾಟರಿಗೆ ಹಾಕುವ ಡಿಸ್ಟಿಲ್ಡ್ ವಾಟರ್ ಸಾಕು.

ಮೊಬೈಲ್ ಕ್ಯಾಮೆರಾದಲ್ಲೇ ಅಳೆಯಬಹುದು

ಎಂಜಿನ್ ಆಫ್ ಇರಲಿ. ಟ್ಯಾಂಕಿಗೆ ಬರೀ ನೀರು ಹಾಕಿ. ನಾಝಲ್ ಬಿಚ್ಚಿ ಪಾರದರ್ಶಕ ಬಾಟಲಿಯೊಳಗೆ ಇಡಬೇಕು. ಇದನ್ನು ಮರೆತರೆ ನೀರು ಎಂಜಿನ್‌ನೊಳಗೆ ನಿಂತು, ಸ್ಟಾರ್ಟ್ ಮಾಡಿದಾಗ ಕನೆಕ್ಟಿಂಗ್ ರಾಡ್ ಬಾಗುತ್ತೆ.

ಕಂಟ್ರೋಲರ್‌ನ ಬೂಸ್ಟ್ ಹೋಸಿಗೆ ಗೇಜ್ ಇರುವ ಸೈಕಲ್ ಪಂಪಿನಿಂದ, ಮಾಮೂಲಿ ಬೂಸ್ಟ್ ಎಷ್ಟೋ ಅಷ್ಟೇ ಗಾಳಿ ಕೊಟ್ಟರೆ ಟರ್ಬೊ ತಿರುಗುತ್ತಿದೆ ಅಂತಲೇ ಅದು ನಂಬುತ್ತೆ. ಪಂಪ್ ಆನ್ ಆದಾಗ ಹತ್ತುವ ದೀಪ ಮತ್ತು ನಾಝಲ್ ಎರಡೂ ಒಂದೇ ಚೌಕಟ್ಟಿನಲ್ಲಿ ಬರುವಂತೆ ಸ್ಲೋ ಮೋಷನ್ ವಿಡಿಯೋ ತೆಗೆಯಿರಿ. ಸೆಕೆಂಡಿಗೆ 240 ಫ್ರೇಮ್ ಇದ್ದರೆ 24 ಫ್ರೇಮ್‌ಗೆ 0.1 ಸೆಕೆಂಡು. ದೀಪ ಹತ್ತಿದ್ದರಿಂದ ಮಂಜು ಬೀಳುವವರೆಗೆ ಎಣಿಸಿ. ನಾಲ್ಕೈದು ಸಲ ಮಾಡಿ, ಒಂದು ಸಲ ರಾತ್ರಿಯಿಡೀ ನಿಲ್ಲಿಸಿದ ಮೇಲೂ ಮಾಡಿ.

ಬೆಳಗಿನ ಅಳತೆ ಬೇರೆಯವಕ್ಕಿಂತ ತುಂಬಾ ಉದ್ದ ಬಂದರೆ ಚೆಕ್ ವಾಲ್ವ್ ಬದಲಿಸಬೇಕು, ಅಥವಾ ನಾಝಲ್ ಪಕ್ಕದಲ್ಲಿ ಸೊಲೆನಾಯ್ಡ್ ವಾಲ್ವ್ ಹಾಕಿ ಪೈಪು ಸದಾ ತುಂಬಿರುವಂತೆ ಮಾಡಬೇಕು. ಪಂಪ್ ಆನ್ ಆಗುವ ಬೂಸ್ಟ್ ಮಟ್ಟವನ್ನು ಸ್ವಲ್ಪ ಕೆಳಗಿಟ್ಟರೂ ನೀರಿಗೆ ಮುಂಚಿತವಾಗಿ ಹೊರಡಲು ಸಮಯ ಸಿಗುತ್ತೆ. ಇಷ್ಟಾದ ಮೇಲೆ ಬಂದ ಅಳತೆಗಿಂತ ಚೂರು ಹೆಚ್ಚು ಡಿಲೇ ಇಟ್ಟರೆ ಸಾಕು.

ಅಂಗಡಿಯವರು ಗಮನಿಸಿ

ಮೆಥನಾಲ್ ವಿಷ. 1981ರಲ್ಲಿ ಬೆಂಗಳೂರಿನಲ್ಲಿ 300ಕ್ಕೂ ಹೆಚ್ಚು ಜನರನ್ನು ಬಲಿ ತೆಗೆದುಕೊಂಡ ಕಳ್ಳಭಟ್ಟಿ ದುರಂತಕ್ಕೆ ಇದೇ ಕಾರಣ. ಕ್ಯಾನ್ ಮೇಲೆ ದೊಡ್ಡದಾಗಿ ಬರೆದು, ಕುಡಿಯುವ ನೀರಿನ ಬಾಟಲಿಗೆ ಎಂದೂ ತುಂಬಿಸದೆ ಇಡಬೇಕು. ಇದರ ಉರಿ ಹಗಲಲ್ಲಿ ಕಣ್ಣಿಗೆ ಸರಿಯಾಗಿ ಕಾಣೋದೂ ಇಲ್ಲ. ಇನ್ನು ಕಾರಿನ ಮೂಲ ವಿವರ ಬದಲಾಗುವಂಥ ಮಾರ್ಪಾಡಿಗೆ ಮೋಟಾರು ವಾಹನ ಕಾಯ್ದೆಯ ಸೆಕ್ಷನ್ 52 ಅಡ್ಡಿ ಬರುತ್ತೆ, ವಿಮೆಯವರೂ ತಕರಾರು ತೆಗೀಬಹುದು.

ಕೊನೆಯ ಪರೀಕ್ಷೆ

ಎಲ್ಲ ಸರಿಯಾದ ಮೇಲೆ, ಎಂಜಿನ್ ಆಫ್ ಇದ್ದಾಗಲೇ ಪಂಪಿನ ಫ್ಯೂಸ್ ಕಿತ್ತು ಸೈಕಲ್ ಪಂಪಿನಿಂದ ಮತ್ತೆ ಗಾಳಿ ಕೊಡಿ. ಡಿಲೇ ಮುಗಿದ ತಕ್ಷಣ ಫೇಲ್‌ಸೇಫ್ ರಿಲೇ ಟಕ್ ಅಂತ ಬಿಡಬೇಕು. ಆಮೇಲೆ ಫ್ಯೂಸ್ ವಾಪಸ್ ಹಾಕಿ, ಸೆನ್ಸರ್‌ನ ವೈರು ಕಿತ್ತು ಇನ್ನೊಮ್ಮೆ ನೋಡಿ. ವೈರು ಕಡಿದರೂ ರಿಲೇ ಬಿಡಬೇಕು. ಬಿಡದಿದ್ದರೆ ವೈರಿಂಗ್ ಉಲ್ಟಾ ಆಗಿದೆ. ಅದು ಸರಿಯಾಗುವ ತನಕ ಆ ಕಾರಿನಲ್ಲಿ ಹಳೇ ಬೂಸ್ಟ್, ಹಳೇ ಟ್ಯೂನ್ ಮಾತ್ರ.