ಅಟ್ಟದ ಜಂತೆಗೆ ಎಲ್ಲಿ ತೂತು ಹಾಕಬೇಕು?

ನಾಗಮಂಗಲ, ಕೆ.ಆರ್.ಪೇಟೆ ಕಡೆಯ ಹಳೇ ಮನೆಗಳಲ್ಲಿ ಅಟ್ಟವೆಂದರೆ ಬರೀ ಹಳೇ ಸಾಮಾನು ತುಂಬುವ ಜಾಗವಲ್ಲ. ಕಾಯಿ ಕೊಬ್ಬರಿಯಾಗುವುದೇ ಅಲ್ಲಿ. ಬಲಿತ ತೆಂಗಿನಕಾಯಿಯನ್ನು ಸಿಪ್ಪೆ ಸಮೇತ ತಿಂಗಳುಗಟ್ಟಲೆ ಅಟ್ಟದಲ್ಲಿ ಬಿಟ್ಟರೆ ಒಳಗಿನ ನೀರು ಇಂಗಿ, ಅಲ್ಲಾಡಿಸಿದಾಗ ಉಂಡೆ ಕೊಬ್ಬರಿ ಗುಡುಗುಡು ಅನ್ನುತ್ತದೆ. ಕಾಯಿಗೆ ಒಂದು ಕೆ.ಜಿ. ಎಂದಿಟ್ಟುಕೊಂಡರೂ ಸಾವಿರ ಕಾಯಿಗೆ ಒಂದು ಟನ್. ಅಷ್ಟನ್ನೂ ಹೊರುವುದು ಗೋಡೆಯಿಂದ ತೊಲೆಗೆ ಸಾಲಾಗಿ ಕೂರಿಸಿದ ಜಂತೆಗಳು. ಮನೆಗೆ ಹೊಸದಾಗಿ ವೈರಿಂಗ್ ಮಾಡಿಸುವಾಗ ಅಡ್ಡ ಬರುವುದೂ ಇವೇ. ಜಂತೆಯ ಉದ್ದಕ್ಕೂ ವೈರ್ ಎಳೆದರೆ ತಕರಾರಿಲ್ಲ. ಒಂದರಿಂದ ಇನ್ನೊಂದಕ್ಕೆ ದಾಟಿಸಬೇಕಾದಾಗ ಕೈ ಉಳಿಗೋ ಡ್ರಿಲ್ಲಿಗೋ ಹೋಗುತ್ತದೆ.

ಕಬ್ಬಿನ ಜಲ್ಲೆಯನ್ನು ಮೊಣಕಾಲಿಗೆ ಕೊಟ್ಟು ಮುರಿಯುವಾಗ ಗಮನಿಸಿ: ಮೊದಲು ಸೀಳುವುದು ಮೊಣಕಾಲಿಗೆ ತಾಗಿದ ಬದಿಯಲ್ಲ, ಅದರ ಎದುರು ಬದಿ. ಅಲ್ಲಿನ ನಾರು ಎಳೆತಕ್ಕೆ ಸಿಕ್ಕಿರುತ್ತದೆ. ಭಾರ ಹೊತ್ತ ಜಂತೆಯಲ್ಲೂ ಹಾಗೆಯೇ. ಮೇಲಿನ ಮೈ ಅದುಮಿಕೊಳ್ಳುತ್ತದೆ, ಕೆಳಗಿನ ಮೈ ಹಿಗ್ಗುತ್ತದೆ, ನಟ್ಟನಡುವಿನ ಒಂದು ಪದರ ಮಾತ್ರ ಅದುಮಿಕೊಳ್ಳುವುದೂ ಇಲ್ಲ, ಹಿಗ್ಗುವುದೂ ಇಲ್ಲ.

ಲೆಕ್ಕ ಹಾಕಿದರೆ ಇದರ ಬೆಲೆ ಗೊತ್ತಾಗುತ್ತದೆ. ಜಂತೆಯ ಎತ್ತರ ನಾಲ್ಕಿಂಚು, ಅಂದರೆ 100 ಮಿ.ಮೀ. ಎನ್ನೋಣ. ಪೈಪ್ ಕೂರಲೆಂದು ಕೆಳಗಿನ ಅಂಚಿನಲ್ಲಿ ಒಂದಿಂಚು ಕಚ್ಚು ಹೊಡೆದರೆ ಅಲ್ಲಿ ಉಳಿಯುವುದು 75 ಮಿ.ಮೀ. ಬಾಗುವಿಕೆಯನ್ನು ತಡೆಯುವ ಬಲ ಎತ್ತರದ ವರ್ಗಕ್ಕೆ ತಕ್ಕಂತೆ ಇಳಿಯುವುದರಿಂದ ಆ ಜಾಗದಲ್ಲಿ ಬಲ ನೂರಕ್ಕೆ 56ಕ್ಕೆ ಕುಸಿಯುತ್ತದೆ. ಅದೇ ಒಂದಿಂಚಿನ ದುಂಡು ತೂತನ್ನು ಎತ್ತರದ ನಟ್ಟನಡುವೆ ಕೊರೆದರೆ ಹೋಗುವುದು ನೂರಕ್ಕೆ ಎರಡೂ ಇಲ್ಲ. ಎರಡು ಕಡೆಯೂ ಒಂದೇ ಇಂಚು. ಒಂದು ಜಂತೆಯನ್ನು ಅರ್ಧ ಕೊಲ್ಲುತ್ತದೆ, ಇನ್ನೊಂದು ಅದಕ್ಕೆ ತಿಳಿಯುವುದೇ ಇಲ್ಲ. ಈ ಲೆಕ್ಕ ಗಟ್ಟಿ ಮರಕ್ಕೆ ಮಾತ್ರ. ಗೆದ್ದಲು ಹಿಡಿದ, ಬಿರುಕು ಬಿಟ್ಟ ಜಂತೆಯ ತಂಟೆಗೇ ಹೋಗಬಾರದು. ಗೋಡೆಯ ಹತ್ತಿರವೂ ತೂತು ಬೇಡ: ಮರದ ಪದರಗಳನ್ನು ಒಂದರ ಮೇಲೊಂದು ಜಾರಿಸಲು ನೋಡುವ ಬಲ ಅಲ್ಲಿ ಹೆಚ್ಚು, ಅದೂ ನಡುಪದರದಲ್ಲೇ.

ಹಾಗಾದರೆ ನಡುವೆ ತೂತು ಹಾಕಿ ಎಳೆದರೆ ಮುಗಿಯಿತಲ್ಲ? ಎತ್ತರದ ಜಂತೆಗಾದರೆ ಮುಗಿಯಿತು. ನಾಲ್ಕಿಂಚಿನದಕ್ಕೆ ಇನ್ನೊಂದು ಕಂಟಕವಿದೆ, ಮೊಳೆ. ಅಟ್ಟಕ್ಕೆ ಒಂದಿಂಚಿನ ಹಲಗೆ ಹಾಸಿ ಮೂರಿಂಚಿನ ಮೊಳೆ ಹೊಡೆದರೆ ಅದು ಜಂತೆಯೊಳಗೆ ಎರಡಿಂಚು ಇಳಿಯುತ್ತದೆ, ಅಂದರೆ ಸರಿಯಾಗಿ ನಟ್ಟನಡುವಿಗೆ, ವೈರ್ ಇರುವಲ್ಲಿಗೆ. ಜಂತೆಯ ಅಂಚಿನಿಂದ ವೈರಿಗೆ ಕನಿಷ್ಠ 50 ಮಿ.ಮೀ. ಅಂತರವಿರಲಿ ಎಂದು ಬ್ರಿಟನ್ನಿನ ವೈರಿಂಗ್ ನಿಯಮ ಹೇಳುವುದು ಈ ಮೊಳೆಗೆ ಹೆದರಿಯೇ. ನಮ್ಮ ತೆಳ್ಳನೆಯ ಜಂತೆಯಲ್ಲಿ ತೂತಿನ ಅರ್ಧ ಅಗಲ ಕಳೆದರೆ ಉಳಿಯುವುದು ಒಂದೂವರೆ ಇಂಚೇ. ಅಲ್ಲಿ ಕೊರೆಯಲೇಬೇಕೆಂದರೆ ವೈರ್ ಅನ್ನು ಅರ್ಥಿಂಗ್ ಕೊಟ್ಟ ಕಬ್ಬಿಣದ ಪೈಪಿನೊಳಗೆ ಹಾಯಿಸಬೇಕು.

ಇನ್ನು ಬಿಸಿ. ಇಂದಿನ ಮಂಡ್ಯ ಜಿಲ್ಲೆಯ ಶಿವನಸಮುದ್ರದಲ್ಲಿ 1902ರಲ್ಲಿ ಕರೆಂಟ್ ಹುಟ್ಟಿದಾಗ ಅದು ನೇರ ಹೋದದ್ದು ಕೋಲಾರದ ಚಿನ್ನದ ಗಣಿಗೆ. ಸುತ್ತಲ ಹಳ್ಳಿಗಳಿಗೆ ಬರಲು ದಶಕಗಳೇ ಹಿಡಿದವು. ಬಂದಾಗಲೂ ಮನೆಯೊಳಗೆ ಉರಿದದ್ದು ಒಂದೋ ಎರಡೋ ಬಲ್ಬು. 60 ವಾಟ್ ಬಲ್ಬು ಕಾಲು ಆಂಪಿಯರ್ ಎಳೆದರೆ 2000 ವಾಟ್ ಗೀಸರ್ ಒಂಬತ್ತರ ಹತ್ತಿರ ಎಳೆಯುತ್ತದೆ. ವೈರಿನಲ್ಲಿ ಹುಟ್ಟುವ ಬಿಸಿ ಕರೆಂಟಿನ ವರ್ಗಕ್ಕೆ ತಕ್ಕಂತೆ ಏರುವುದರಿಂದ, ಅದೇ ಹಳೇ ವೈರಿಗೆ ಗೀಸರ್ ಕೊಟ್ಟರೆ ಬಿಸಿ ಸಾವಿರ ಪಟ್ಟು ಮೀರುತ್ತದೆ. ಸಾಮಾನ್ಯ ಪಿವಿಸಿ ಹೊದಿಕೆ ತಾಳುವುದು 70 ಡಿಗ್ರಿಯವರೆಗೆ. ಅದರ ಮೇಲೆ ಕಾಯಿ ಸಿಪ್ಪೆ, ನಾರಿನ ಧೂಳು ಮುಚ್ಚಿಕೊಂಡರೆ ಬಿಸಿಗೆ ಹೊರಗೆ ಹೋಗಲು ದಾರಿಯಿಲ್ಲ. ಜೊತೆಗೆ ಇಲಿಗಳಿವೆ.

ಹಿಂದಿನವರು ತೇಗದ ಪಟ್ಟಿಯ ಮೇಲೆ ಕ್ಲಿಪ್ಪು ಹೊಡೆದು ವೈರನ್ನು ಕಣ್ಣಿಗೆ ಕಾಣುವಂತೆ ಓಡಿಸುತ್ತಿದ್ದರು. ಚೆಂದವಿಲ್ಲವೆಂದು ಅದನ್ನು ಕಿತ್ತುಹಾಕಿದವರೇ ಹೆಚ್ಚು. ನನ್ನ ಮತ ಆ ಪಟ್ಟಿಗೇ. ಜಂತೆ ಮುಟ್ಟಲಿಲ್ಲ, ಗಾಳಿ ತಾಗುತ್ತಿತ್ತು, ಮೊಳೆ ಹೊಡೆಯುವವನಿಗೆ ವೈರ್ ಕಾಣುತ್ತಿತ್ತು. ಇಂದು ಆ ಕೆಲಸವನ್ನು ಪಿವಿಸಿ ಕೇಸಿಂಗ್ ಪಟ್ಟಿ ಮಾಡುತ್ತದೆ. ಮೇಲುಕೋಟೆಯಲ್ಲೋ ಶ್ರೀರಂಗಪಟ್ಟಣದ ಕೋಟೆಯೊಳಗೋ ಮರದ ಸೂರಿನ ಮನೆಯಿದ್ದರೆ ಕೇಸಿಂಗನ್ನು ಗೋಡೆಯ ಮೇಲ್ಭಾಗದಲ್ಲಿ ಸುತ್ತು ಹಾಕಿಸಿ, ಅಡ್ಡ ದಾಟಲೇಬೇಕಾದರೆ ಜಂತೆಯ ಕೆಳಮೈಗೆ ಅಂಟಿಸಿ ಒಯ್ಯಿರಿ. ಗೀಸರಿಗೆ ಮೀಟರ್ ಬೋರ್ಡಿನಿಂದಲೇ ಬೇರೆ ವೈರ್ ಇರಲಿ. 30 ಮಿಲಿಆಂಪಿಯರಿನ ಆರ್‌ಸಿಸಿಬಿಗೆ ಜಿಪುಣತನ ಬೇಡ: ಇಲಿ ಕಡಿದ ಜಾಗವನ್ನು ಯಾರಾದರೂ ಮುಟ್ಟಿದರೆ, ಕರೆಂಟ್ ಮೈಯಿಂದ ನೆಲಕ್ಕೆ ಹರಿಯುವ ಕ್ಷಣದಲ್ಲೇ ಕಡಿದುಹಾಕುವುದು ಅದೊಂದೇ.

ಕೊಬ್ಬರಿ ಇಳಿಸಿ ಹೊಸ ಕಾಯಿ ಏರಿಸುವ ನಡುವೆ ಅಟ್ಟ ಕೆಲವು ದಿನ ಖಾಲಿ ಇರುತ್ತದೆ. ವೈರಿಂಗ್ ನೋಡಿಸುವುದಿದ್ದರೆ ಆಗಲೇ ಕರೆಸಿ.