‘ಮಾಕ್-ಅಪ್’ ಪದದ ಅರ್ಥವ್ಯಾಪ್ತಿ ಮತ್ತು ಬಾಗಲಕೋಟೆ ಸೀಮೆಯ ಕಸುಬುಗಳು

ಇಂಗ್ಲಿಷಿನ ‘ಮಾಕ್-ಅಪ್’ ಎಂಬ ಪದ ಕನ್ನಡ ನಾಡಿನ ಕಸುಬುಗಾರರ ಬಳಿಗೆ ಬಂದಿರುವುದು ವಿನ್ಯಾಸ ಶಾಲೆ, ತರಬೇತಿ ಶಿಬಿರ ಹಾಗೂ ಕಚೇರಿಗಳ ಮೂಲಕ. ಯಾವುದೇ ವಸ್ತುವನ್ನು ತಯಾರಿಸುವ ಮೊದಲು ಅದರ ‘ಮಾದರಿ’ಯೊಂದನ್ನು ತೋರಿಸಬೇಕೆಂಬ ನಿರೀಕ್ಷೆ ಈ ಪದದೊಡನೆಯೇ ಬರುತ್ತದೆ. ಮಾದರಿ ಇಲ್ಲದಿದ್ದಲ್ಲಿ ಯೋಜನೆಯೂ ಇಲ್ಲವೆಂಬ ತೀರ್ಮಾನಕ್ಕೆ ಹಲವರು ಬೇಗನೆ ಬಂದುಬಿಡುತ್ತಾರೆ. ಬಾದಾಮಿ, ಹುನಗುಂದ, ಇಳಕಲ್ಲ ಪರಿಸರದ ಕಸುಬುಗಳನ್ನು ಎದುರಿಗಿಟ್ಟುಕೊಂಡು ಈ ತೀರ್ಮಾನವನ್ನು ಪರೀಕ್ಷಿಸಬೇಕಾಗಿದೆ.

‘ಮಾಕ್’ ಎಂಬ ಕ್ರಿಯಾಪದಕ್ಕೆ ಅಣಕಿಸು, ಗೇಲಿಮಾಡು ಎಂಬ ಅರ್ಥಗಳಿವೆ. ಹುಸಿಯಾದದ್ದು, ನಿಜದಂತೆ ತೋರುವುದು ಎಂಬ ಅರ್ಥ ಅದರ ವಿಸ್ತರಣೆ. ‘ಮಾಕ್-ಅಪ್’ ಎಂಬ ರೂಪ ಇಂಗ್ಲಿಷಿನಲ್ಲಿಯೂ ಹಳೆಯದಲ್ಲ; ಮೊದಲನೆಯ ಮಹಾಯುದ್ಧದ ಸುಮಾರಿಗೆ ಬಳಕೆಗೆ ಬಂದುದು. ವಿಮಾನವನ್ನು ಲೋಹದಲ್ಲಿ ತಯಾರಿಸುವ ಮುನ್ನ ಅದರ ಒಡಲನ್ನು ಮರದಲ್ಲಿ ಪೂರ್ಣ ಗಾತ್ರದಲ್ಲಿ ಕಟ್ಟಿ, ಚಾಲಕನ ಕೈ ಎಲ್ಲಿಗೆ ಎಟುಕುತ್ತದೆ, ಕಣ್ಣಿಗೆ ಏನು ಕಾಣುತ್ತದೆ ಎಂಬುದನ್ನು ನೋಡುತ್ತಿದ್ದರು. ಅದು ಹಾರುವುದಿಲ್ಲ. ನೋಡಿದ ಮೇಲೆ ಅದರ ಕೆಲಸ ಮುಗಿಯಿತು. ಶಿಲ್ಪಿಯು ಜೇಡಿಮಣ್ಣಿನಲ್ಲಿಯೋ ಮೇಣದಲ್ಲಿಯೋ ಮಾಡಿಕೊಳ್ಳುವ ಚಿಕ್ಕ ಪ್ರತಿರೂಪಕ್ಕೆ ‘ಮ್ಯಾಕೆಟ್’ ಎಂಬ ಫ್ರೆಂಚ್ ಮೂಲದ ಬೇರೆ ಪದವಿದೆ. ನಿಜವಾಗಿಯೂ ಕೆಲಸ ಮಾಡುವ ಮೊದಲ ವಸ್ತುವಿಗೆ ‘ಪ್ರೊಟೊಟೈಪ್’ ಎನ್ನುತ್ತಾರೆ. ಕನ್ನಡದಲ್ಲಿ ಈ ಮೂರಕ್ಕೂ ‘ಮಾದರಿ’ ಎಂಬ ಒಂದೇ ಪದವನ್ನು ಸಾಮಾನ್ಯವಾಗಿ ಬಳಸಲಾಗುತ್ತದೆ. ‘ಅಣಕು ಮತದಾನ’, ‘ಅಣಕು ಕಾರ್ಯಾಚರಣೆ’ಗಳ ಜಾಡಿನಲ್ಲಿ ‘ಅಣಕು ಮಾದರಿ’ ಎಂದರೂ ತೊಡಕು ತಪ್ಪದು; ಕನ್ನಡದ ‘ಅಣಕು’ ಪದದಲ್ಲಿ ಗೇಲಿಯ ಧ್ವನಿ ಇನ್ನೂ ಜೀವಂತವಾಗಿದೆ.

ಈ ಗೊಂದಲದ ಪರಿಣಾಮ ಐಹೊಳೆಯ ವಿಷಯದಲ್ಲಿ ಎದ್ದು ಕಾಣುತ್ತದೆ. ಹುನಗುಂದ ತಾಲೂಕಿನ ಈ ಊರನ್ನು ದೇವಾಲಯ ವಾಸ್ತುವಿನ ‘ಪ್ರಯೋಗಶಾಲೆ’ ಎಂದು ಕರೆಯುವುದು ರೂಢಿಯಾಗಿದೆ. ಚಾಲುಕ್ಯ ಶಿಲ್ಪಿಗಳು ಐಹೊಳೆಯಲ್ಲಿ ಕೈಪಳಗಿಸಿಕೊಂಡು, ಬಾದಾಮಿಯಲ್ಲಿ ಬೆಳೆದು, ಪಟ್ಟದಕಲ್ಲಿನಲ್ಲಿ ಪರಿಪೂರ್ಣರಾದರೆಂಬುದು ಈ ಮಾತಿನ ಹಿಂದಿರುವ ಕಲ್ಪನೆ. ಆದರೆ ಬಾದಾಮಿಯ ಮೂರನೆಯ ಗುಹೆ ಕ್ರಿ.ಶ. 578ರಷ್ಟು ಹಿಂದಿನದು, ಅಲ್ಲಿಯ ಕೆಲಸದಲ್ಲಿ ಕಲಿಕೆಯ ತಡವರಿಕೆ ಇಲ್ಲ. ಒಂದು ಕಾಲಕ್ಕೆ ಐದನೆಯ ಶತಮಾನದ್ದೆಂದು ಭಾವಿಸಲಾಗಿದ್ದ ಐಹೊಳೆಯ ಲಾಡಖಾನ್ ಗುಡಿಯನ್ನು ವಿದ್ವಾಂಸರು ಈಗ ಏಳು–ಎಂಟನೆಯ ಶತಮಾನಗಳತ್ತ ತಂದಿದ್ದಾರೆ. ಕಾಲದ ಲೆಕ್ಕ ಹಾಗಿರಲಿ, ಐಹೊಳೆಯ ಗುಡಿಗಳಲ್ಲಿ ದೇವರು ಪ್ರತಿಷ್ಠೆಗೊಂಡಿದ್ದವು, ಪೂಜೆ ನಡೆಯುತ್ತಿತ್ತು. ಮುಂದೆ ಜನರು ಅವುಗಳಲ್ಲಿ ವಾಸವನ್ನೂ ಮಾಡಿದರು. ಲಾಡಖಾನ್ ಎಂಬ ಹೆಸರು ಅಲ್ಲಿ ವಾಸವಾಗಿದ್ದವನಿಂದ ಬಂದದ್ದು. ನೋಡಿ ಬಿಟ್ಟುಬಿಡಲೆಂದು ಯಾರೂ ಅವುಗಳನ್ನು ಕಟ್ಟಿರಲಿಲ್ಲ.

ಹಾಗಾದರೆ ಶಿಲ್ಪಿಗಳು ಮುಂಚಿತವಾಗಿ ಯೋಜಿಸುತ್ತಿದ್ದ ಬಗೆ ಯಾವುದು? ಪಟ್ಟದಕಲ್ಲಿಗೆ ಸಮೀಪದ ಹಳೆಯ ಕಲ್ಲುಗಣಿಯ ನೆಲೆಯಲ್ಲಿ ಕುಶಲಕರ್ಮಿಗಳ ಹೆಸರುಗಳೂ ಬಂಡೆಯ ಮೇಲೆ ಗೀರಿದ ರೇಖಾರೂಪಗಳೂ ಉಳಿದಿವೆ. ಅದಕ್ಕಿಂತ ಮುಖ್ಯವಾದುದು ಪಟ್ಟದಕಲ್ಲಿನ ಶಾಸನಗಳ ಒಂದು ಪದ. ಎರಡನೆಯ ವಿಕ್ರಮಾದಿತ್ಯನ ರಾಣಿ ಲೋಕಮಹಾದೇವಿ ಸುಮಾರು 740ರಲ್ಲಿ ಕಟ್ಟಿಸಿದ ವಿರೂಪಾಕ್ಷ ದೇವಾಲಯದ ಶಾಸನಗಳಲ್ಲಿ ಗುಂಡ ಅನಿವಾರಿತಾಚಾರಿ, ಸರ್ವಸಿದ್ಧಿ ಆಚಾರಿ ಎಂಬ ಹೆಸರುಗಳು ಬರುತ್ತವೆ. ಅವರು ‘ಸೂತ್ರಧಾರಿ’ಗಳು, ಅಂದರೆ ನೂಲು ಹಿಡಿದವರು. ಅಳತೆಯ ನೂಲು ಯಾರ ಕೈಯಲ್ಲಿದೆಯೋ ಕಟ್ಟಡ ಅವನ ಮನಸ್ಸಿನಲ್ಲಿದೆ ಎಂಬ ತಿಳಿವಳಿಕೆ ಈ ಪದದಲ್ಲಿದೆ. ಕಣ್ಣಿಗೆ ಕಾಣುವ ಮಾದರಿ ಬೇಕಾದಾಗ ಹಿಂದೆ ಕಟ್ಟಿದ ಗುಡಿಯೇ ಎದುರಿಗಿತ್ತು. ವಿಜಯಾದಿತ್ಯನ (696–733) ಸಂಗಮೇಶ್ವರ ಗುಡಿಯಲ್ಲಿ ಕಾಣುವ ವಿನ್ಯಾಸ ವಿರೂಪಾಕ್ಷದಲ್ಲಿ ಹಿರಿದಾಗಿ ಬೆಳೆಯಿತು. ಅದನ್ನೇ ತ್ರೈಲೋಕ್ಯಮಹಾದೇವಿಯ ಮಲ್ಲಿಕಾರ್ಜುನ ಗುಡಿ ತುಸು ಕಿರಿದಾಗಿ ಅನುಸರಿಸಿತು.

ನೂಲಿನ ಈ ಮಾತು ಇಳಕಲ್ಲಿನಲ್ಲಿ ಅಕ್ಷರಶಃ ನಿಜವಾಗುತ್ತದೆ. ಇಳಕಲ್ ಸೀರೆಯ ವೈಶಿಷ್ಟ್ಯವಿರುವುದು ಅದರ ಹಾಸಿನಲ್ಲಿ. ಒಡಲಿನ ಹಾಸನ್ನೂ ಸೆರಗಿನ ಹಾಸನ್ನೂ ಬೇರೆ ಬೇರೆಯಾಗಿ ಸಿದ್ಧಪಡಿಸಿ, ಅವೆರಡರ ಎಳೆಗಳನ್ನು ಒಂದರೊಳಗೊಂದು ಕೊಂಡಿ ಹಾಕಿ ಕೂಡಿಸುತ್ತಾರೆ. ಒಡಲಿಗೆ ಹತ್ತಿಯ ನೂಲಿದ್ದರೂ ಸೆರಗಿಗೆ ರೇಷ್ಮೆಯ ಕೆಂಪು ಬರಲು ಸಾಧ್ಯವಾಗುವುದು ಈ ಕೊಂಡಿಯಿಂದ. ಇದರಿಂದಾಗಿ ಹಾಸು ಒಂದೊಂದು ಸೀರೆಯ ಅಳತೆಯದೇ ಆಗಿರಬೇಕಾಗುತ್ತದೆ: 6 ಗಜ, 8 ಗಜ ಅಥವಾ 9 ಗಜ. ಉದ್ದನೆಯ ಹಾಸು ಹೂಡಿ ಅದರ ತುದಿಯಲ್ಲಿ ಗೇಣು ಬಟ್ಟೆ ನೇಯ್ದು ‘ಇದು ಮಾದರಿ, ನೋಡಿ’ ಎಂದು ಕತ್ತರಿಸಿಕೊಡುವ ಅನುಕೂಲ ಇಲ್ಲಿಲ್ಲ. ಸೆರಗಿನ ಕೆಂಪು ಒಡಲಿಗೆ ಎಲ್ಲಿ ಸೇರುತ್ತದೆಂಬುದನ್ನು ತೋರಿಸಬೇಕಾದರೆ ಹಾಸು ಹೂಡಿ, ಕೊಂಡಿ ಕೂಡಿಸಿ, ಸೆರಗಿನವರೆಗೆ ನೇಯಲೇಬೇಕು. ಅಂದರೆ ಸೀರೆಯನ್ನೇ ನೇಯಬೇಕು. ಕಾಗದದ ಮೇಲೆ ಬಣ್ಣ ಬಳಿದು ತೋರಿಸಿದ ಚಿತ್ರಕ್ಕೆ ನೂಲಿನ ತೂಕವಾಗಲಿ, ದಡಿಯ ಬಿಗಿಯಾಗಲಿ ಇರುವುದಿಲ್ಲ.

ಹಾಗೆಂದು ನೇಕಾರನ ಯೋಜನೆ ಮುಸುಕಾದದ್ದಲ್ಲ. ಟೋಪ ತೆನೆಯ ಸೆರಗಿನಲ್ಲಿ ಕೆಂಪಿನ ಪಟ್ಟಿಗಳು ಮೂರು, ನಡುವೆ ಬಿಳಿಯ ಪಟ್ಟಿಗಳು ಎರಡು. ಹಣಿಗೆ, ಕೋಟೆಯ ತೆನೆ, ಜೋಳದ ತೆನೆ ಎಂದು ಆಕಾರಗಳಿಗೆ ಹೆಸರುಗಳಿವೆ; ಚಿಕ್ಕಿ, ಗೋಮಿ, ಗಾಯತ್ರಿ ಎಂದು ದಡಿಗಳಿಗೆ ಹೆಸರುಗಳಿವೆ. ಹೆಸರನ್ನು ಹೇಳಿದರೆ ಎಳೆಗಳ ಲೆಕ್ಕ ಸಿದ್ಧವಾಗುತ್ತದೆ. ಈ ಸೀರೆಯ ಮೇಲೆ ಹಾಕುವ ಕಸೂತಿಯದೂ ಇದೇ ಕ್ರಮ: ಬಟ್ಟೆಯ ಮೇಲೆ ಗೆರೆ ಎಳೆದುಕೊಳ್ಳದೆ, ಎಳೆಗಳನ್ನು ಎಣಿಸುತ್ತ ಗೋಪುರ, ತೇರು, ತೊಟ್ಟಿಲುಗಳನ್ನು ಹೆಣ್ಣುಮಕ್ಕಳು ಮೂಡಿಸುತ್ತಾರೆ. ತಾಯಿಯ ಸೀರೆಯೇ ಮಗಳಿಗೆ ಮಾದರಿ, ಮತ್ತು ಅದು ಉಟ್ಟ ಸೀರೆ. ಮಾಕ್-ಅಪ್ ಕೇಳುವವರು ಈ ಲೆಕ್ಕವನ್ನು ಕಾಣದೆ, ಇವರಲ್ಲಿ ಅನುಕರಣೆ ಮಾತ್ರವಿದೆ, ವಿನ್ಯಾಸವಿಲ್ಲ ಎಂದರೆ ಅದರ ಪೆಟ್ಟು ಕೂಲಿಯ ಮೇಲೆ ಬೀಳುತ್ತದೆ. ವಿನ್ಯಾಸದ ಬೆಲೆ ಬೇರೆಯವರ ಹೆಸರಿಗೆ ಸೇರುತ್ತದೆ.

ಜನಪದರಿಗೆ ಪ್ರತಿರೂಪಗಳ ಕೊರತೆಯೇನೂ ಇಲ್ಲ. ಹೊಲದ ಬೆದರುಬೊಂಬೆ ಮನುಷ್ಯನ ಗಾತ್ರದ ಹುಸಿರೂಪ. ‘ಮಾಕ್’ ಪದದ ಮೂಲಾರ್ಥಕ್ಕೆ ಇದೇ ಹೆಚ್ಚು ಹತ್ತಿರ. ಮಣ್ಣೆತ್ತಿನ ಅಮಾವಾಸ್ಯೆಯ ಜೋಡೆತ್ತುಗಳು ಚಿಕ್ಕವು, ಆದರೆ ಅವು ಯಾವುದಕ್ಕೂ ಪೂರ್ವಸಿದ್ಧತೆಯಲ್ಲ, ಪೂಜೆಗೊಳ್ಳುವ ಎತ್ತುಗಳೇ. ಬೆಟ್ಟದ ಕ್ಷೇತ್ರಗಳಲ್ಲಿ ಸ್ವಂತ ಮನೆಯಾಗಲೆಂದು ಹರಕೆ ಹೊತ್ತು ಕಲ್ಲಿನ ಮೇಲೆ ಕಲ್ಲಿಡುವವರು ಮಾಡುವುದು ಮಾತ್ರ ನಿಜವಾದ ಅರ್ಥದಲ್ಲಿ ‘ಮುಂಚಿನ’ ರೂಪ. ಅದು ಬರಲಿರುವ ಮನೆಯನ್ನು ಕೇಳಿಕೊಳ್ಳುತ್ತದೆ, ಪರೀಕ್ಷಿಸುವುದಿಲ್ಲ.

ಪರೀಕ್ಷೆ ಅತ್ಯಗತ್ಯವಾಗಿದ್ದ ಕಡೆ ಅದು ಸಾಧ್ಯವಾಗದೇ ಹೋದುದಕ್ಕೆ ಬಾಗಲಕೋಟೆ ಉದಾಹರಣೆ. ಆಲಮಟ್ಟಿಯ ಹಿನ್ನೀರಿಗೆ ಹಳೆಯ ಊರಿನ ಭಾಗಗಳು ಮುಳುಗಿದಾಗ ಕಾಗದದ ನಕ್ಷೆಯಂತೆ ನವನಗರ ಮೇಲೆದ್ದಿತು. ನಕ್ಷೆಯನ್ನು ಚಿಕ್ಕದಾಗಿ ಮಾಡಿ ಮೇಜಿನ ಮೇಲಿಡಬಹುದು. ಪೂರ್ಣ ಗಾತ್ರದ ಊರನ್ನು ಮೊದಲು ಹುಸಿಯಾಗಿ ಕಟ್ಟಿ ನೋಡಲಾಗದು. ಓಣಿ, ಅಗಸಿ, ಕಟ್ಟೆಗಳ ಹೆಸರಿನಿಂದ ವಿಳಾಸ ಹೇಳುತ್ತಿದ್ದವರು ಸೆಕ್ಟರಿನ ಸಂಖ್ಯೆ ಹೇಳಲು ಕಲಿತರು. ಎಟುಕುವುದೇನು, ಕಾಣುವುದೇನು ಎಂಬುದನ್ನು ಅಲ್ಲಿ ವಾಸಮಾಡಿಯೇ ತಿಳಿಯಬೇಕಾಯಿತು.

‘ಮಾಕ್-ಅಪ್’ಗೆ ‘ತೋರುಮಾದರಿ’, ಚಿಕ್ಕ ಪ್ರತಿರೂಪಕ್ಕೆ ‘ಕಿರುಮಾದರಿ’, ಕೆಲಸ ಮಾಡುವ ಮೊದಲ ವಸ್ತುವಿಗೆ ‘ಮೂಲಮಾದರಿ’ ಎಂದು ಬಳಸುವುದು ಯುಕ್ತ. ಈ ಮೂರರಲ್ಲಿ ಯಾವುದಕ್ಕೂ ಸೇರದ ಇನ್ನೊಂದು ಬಗೆಯಿದೆ: ಹಿಂದಿನವರು ಮಾಡಿ ಬಳಸಿದ, ಈಗಲೂ ಬಳಕೆಯಲ್ಲಿರುವ ವಸ್ತು. ಇಳಕಲ್ಲಿನ ಮಗ್ಗದ ಮುಂದೆ ಕುಳಿತವನನ್ನು ಮಾದರಿ ಎಲ್ಲಿ ಎಂದು ಕೇಳಿದರೆ ಅವನು ತೋರಿಸಬೇಕಾದುದು ಅದನ್ನೇ.