ಗೊಂಬೆ ಹಬ್ಬಕ್ಕೆ ತೊಟ್ಟಿ ಮನೆ

ನಮ್ಮೂರಲ್ಲಿ ಈಗ ತೊಟ್ಟಿ ಮನೆ ಒಂದೂ ಇಲ್ಲ. ಕೊನೆಯದು ನಮ್ಮಜ್ಜಿ ಹುಟ್ಟಿದ ಮನೆ, ಹೋದ ಬೇಸಿಗೆಯಲ್ಲಿ ಕೆಡವಿದರು. ಅದಕ್ಕೇ ದಸರಾ ಗೊಂಬೆಗಳ ಜೊತೆ ಇಡೋಕೆ ಒಂದು ಮಾಡಿದೆ. ದುಡ್ಡು ಖರ್ಚಾಗಲಿಲ್ಲ.

ಮುಖ್ಯವಾದದ್ದು ಅಳತೆ. 1 ಅಡಿಗೆ 1 ಸೆಂ.ಮೀ. ಇಟ್ಟುಕೊಳ್ಳಿ. ಅಜ್ಜಿಯದು ಮೊಳದ ಲೆಕ್ಕ, ಮೊಳ ಅಂದರೆ ಒಂದೂವರೆ ಅಡಿ. ತೊಟ್ಟಿ 6 ಮೊಳ, ಅಂದರೆ 9 ಸೆಂ.ಮೀ. ಬಾಗಿಲು 5 ಸೆಂ.ಮೀ. ಸಾಕು, ಹಳೇ ಮನೆಯೊಳಗೆ ತಲೆ ಬಗ್ಗಿಸಿಯೇ ಹೋಗಬೇಕಿತ್ತು. ಪೆನ್ಸಿಲ್ ಗೆರೆ ನೋಡಿಯೇ ಅಜ್ಜಿ, "ಇದೇ ನಾನು ಹುಟ್ಟಿದ ಕೋಣೆ" ಅಂತ ಬೆರಳಿಟ್ಟು ತೋರಿಸಿದರು.

ಗೋಡೆಗೆ ಬೂಟಿನ ಡಬ್ಬ, ಕಂಬಕ್ಕೆ ಮೋಟು ಪೆನ್ಸಿಲು. ಹೆಂಚಿಗೆ ದಪ್ಪ ರಟ್ಟು ಬೇಕು. ಅದರ ಮೇಲಿನ ಕಾಗದಕ್ಕೆ ನೀರು ಸವರಿ ನಿಧಾನವಾಗಿ ಸುಲಿಯಿರಿ. ಒಳಗೆ ನಾಡಹೆಂಚಿನ ಹಾಗೇ ಉಬ್ಬು ಸಾಲುಗಳಿರುತ್ತವೆ! ಒಣಗಿದ ಮೇಲೆ ಕೆಮ್ಮಣ್ಣನ್ನು ಗಂಜಿಯಲ್ಲಿ ಕಲಸಿ ಬಳಿಯಿರಿ. ನಾಲ್ಕೂ ಸೂರು ತೊಟ್ಟಿಯ ಕಡೆಗೇ ಇಳಿಜಾರಾಗಿರಲಿ. ಮಳೆನೀರು ತೊಟ್ಟಿಗೆ ಬಿದ್ದು ಹೊರಗೆ ಹೋಗಬೇಕಲ್ಲ, ಅದಕ್ಕೆ ಖಾಲಿ ರೀಫಿಲ್ ತುಂಡು ಸಿಕ್ಕಿಸಿ. (ನಿಜವಾಗಿ ನೀರು ಸುರಿಯಬೇಡಿ, ರಟ್ಟು ನೆನೆಯುತ್ತೆ.)

ತುಳಸಿಕಟ್ಟೆ ಬೆಂಕಿಪೊಟ್ಟಣದ್ದು, ಒರಳು ಜೇಡಿಮಣ್ಣಿನದು. ಮೈದಾ ಅಂಟನ್ನು ತೆಳ್ಳಗೆ ಹಚ್ಚಿ, ಇಲ್ಲದಿದ್ದರೆ ಜಿರಲೆ ಬರುತ್ತೆ. ಮಾಡೋರಿದ್ದರೆ ರಟ್ಟು ತನ್ನಿ, ಕೆಮ್ಮಣ್ಣು ನನ್ನ ಹತ್ತಿರ ಇನ್ನೂ ಅರ್ಧ ಡಬ್ಬ ಇದೆ.